ಒಡಿಯಾದ ‘ಅಲ್ಲ’, ಒಡಿಯಾದ ‘ಇಲ್ಲ’

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿಗೆ ಬರುವ ಪ್ಲಂಬರ್ ಒಡಿಶಾದ ಕೇಂದ್ರಾಪಡಾ ಜಿಲ್ಲೆಯವರು. ರಾತ್ರಿ ಕಾವಲಿನವರೂ ಒಡಿಶಾದವರೇ. ಅವರ ಜೊತೆ ಮಾತಾಡೋಣ ಎಂದು ಸ್ವಲ್ಪ ಒಡಿಯಾ ಕಲಿಯುತ್ತಿದ್ದೇನೆ. ಮೊನ್ನೆ ‘ನಾನು ಮನೆ ಮಾಲೀಕ ಅಲ್ಲ, ಬಾಡಿಗೆಯವನು’ ಅನ್ನೋದಕ್ಕೆ ‘ಮುಂ ಮಾಲಿಕ ನಾಹಿಂ’ ಅಂದೆ. ಪ್ಲಂಬರ್ ‘ನುಹೇಂ, ನುಹೇಂ’ ಎಂದು ತಿದ್ದಿದರು. ಹಿಂದಿಯ ‘ನಹೀಂ’ ತಾನೇ ಒಡಿಯಾದ ‘ನಾಹಿಂ’? ಮತ್ತೆ ಈ ‘ನುಹೇಂ’ ಯಾಕೆ?
— ಓದುಗರು, ಎಚ್‌ಎಸ್‌ಆರ್ ಲೇಔಟ್

ಉತ್ತರ: ನಿಮ್ಮ ಪ್ರಶ್ನೆಯೊಳಗೇ ಉತ್ತರ ಕೂತಿದೆ. ‘ಮಾಲೀಕ ಅಲ್ಲ’ ಎಂದು ಬರೆದಿದ್ದೀರಿ. ‘ಮಾಲೀಕ ಇಲ್ಲ’ ಎಂದು ನಿಮ್ಮ ಕೈ ಬರೆಯಲಿಲ್ಲ. ಒಡಿಯಾದ ‘ನುಹೇಂ’ ನಮ್ಮ ‘ಅಲ್ಲ’. ಒಡಿಯಾದ ‘ನಾಹಿಂ’ ನಮ್ಮ ‘ಇಲ್ಲ’. ಇದನ್ನು ನಾನು ಒಡಿಶಾದ ಕಟಕ ನಗರದಲ್ಲಿ ಕಲಿತದ್ದು, ಯಜಮಾನರಿಗೆ ಅಲ್ಲಿಗೆ ವರ್ಗವಾಗಿ ನಾವು ಒಂಬತ್ತು ವರ್ಷ ಅಲ್ಲಿದ್ದಾಗ. ಮೊದಲ ಆರು ತಿಂಗಳು ನಾನೂ ನಿಮ್ಮ ಹಾಗೆ ಹಿಂದಿಯ ಮೂಲಕವೇ ಒಡಿಯಾಕ್ಕೆ ಹೋಗುತ್ತಿದ್ದೆ, ಪ್ರತಿ ಸಲವೂ ಎಡವುತ್ತಿದ್ದೆ. ಒಂದು ದಿನ ಪಕ್ಕದ ಮನೆಯ ಮಾವುಸಿ (ಎಂದರೆ ಚಿಕ್ಕಮ್ಮ) ತಮ್ಮ ವರಾಂಡದಲ್ಲಿ ಕೂತು ಎರಡು ವಾಕ್ಯ ಹೇಳಿದರು:

‘ಸೇ ಮೋ ಭಾಇ ನುಹೇಂ.’ ಅವನು ನನ್ನ ತಮ್ಮ ಅಲ್ಲ.
‘ಮೋರ ಭಾಇ ನಾಹಿಂ.’ ನನಗೆ ತಮ್ಮ ಇಲ್ಲ.

ಅವತ್ತಿನಿಂದ ಹಿಂದಿಯನ್ನು ಪಕ್ಕಕ್ಕಿಟ್ಟು ಕನ್ನಡದಿಂದಲೇ ಒಡಿಯಾಕ್ಕೆ ಹೋಗತೊಡಗಿದೆ. ಹಿಂದಿಯಲ್ಲಿ ಈ ಎರಡೂ ಜಾಗಕ್ಕೆ ‘ನಹೀಂ’ ಒಂದೇ. ಅದಕ್ಕೇ ಹಿಂದಿಯವರು ಕನ್ನಡ ಕಲಿಯುವಾಗ ‘ನಾನು ಡಾಕ್ಟರ್ ಇಲ್ಲ’ ಅನ್ನುತ್ತಾರೆ. ‘ನಹೀಂ’, ‘ನಾಹಿಂ’ ನೋಡಲು ಅಕ್ಕತಂಗಿಯರ ಹಾಗಿವೆ, ಆದರೆ ಒಡಿಯಾ ಹಿಂದಿಯ ಒಳಗಿನ ಭಾಷೆ ಅಲ್ಲ. ನಮ್ಮ ರಾಜ್ಯ ಒಂದಾಗುವುದಕ್ಕೆ ಇಪ್ಪತ್ತು ವರ್ಷ ಮೊದಲೇ, 1936ರ ಏಪ್ರಿಲ್ 1ರಂದು, ತಮ್ಮ ಭಾಷೆಯ ಮೇಲೆ ಪ್ರಾಂತ್ಯ ಕಟ್ಟಿಸಿಕೊಂಡ ಜನ ಅವರು. ಅವರ ಭಾಷೆಯನ್ನು ಅದರ ಲೆಕ್ಕದಲ್ಲೇ ಕಲಿಯಬೇಕು. ಆ ಲೆಕ್ಕ ಕನ್ನಡಿಗರಿಗೆ ಆಗಲೇ ಗೊತ್ತು.

ಉಚ್ಚಾರದ ಬಗ್ಗೆ ಒಂದು ಮಾತು. ಕೊನೆಯ ‘ಂ’ ಅನ್ನು ಬಾಯಿ ಮುಚ್ಚಿ ‘ಮ್’ ಎನ್ನಬೇಡಿ, ಮೂಗಿನಲ್ಲಿ ಬಿಡಿ. ಅಕಾರಕ್ಕೆ ತುಟಿ ದುಂಡಗಾಗುತ್ತದೆ: ‘ಘರ’ ಎಂದು ಬರೆದರೂ ಕಿವಿಗೆ ‘ಘೊರೊ’ ಎಂದೇ ಬೀಳುತ್ತದೆ. ನಮ್ಮ ಳ, ಣ ಎರಡೂ ಅವರಲ್ಲಿವೆ.

ನಿಮ್ಮದು ಪ್ಲಂಬರ್ ಜೊತೆಗಿನ ಮಾತು, ಹಾಗಾಗಿ ಕ್ರಿಯಾಪದಕ್ಕೆ ನೀರನ್ನೇ ಇಟ್ಟುಕೊಳ್ಳೋಣ. ಬೆಂಗಳೂರಿನಲ್ಲಿ ನೀರಿನ ಬಗ್ಗೆ ‘ಇಲ್ಲ’ ಅನ್ನುವ ಸಂದರ್ಭಕ್ಕೆ ಬರ ಇಲ್ಲ.

‘ಪಾಣಿ ನಾಹಿಂ’ ಎಂದರೆ ನೀರು ಇಲ್ಲ. ‘ಪಾಣಿ ಆಸುನಾಹಿಂ’ ಎಂದರೆ ನೀರು ಬರ್ತಾ ಇಲ್ಲ. ‘ಪಾಣಿ ಆಸಿನಾಹಿಂ’ ಎಂದರೆ ನೀರು ಬಂದಿಲ್ಲ. ‘ಪಾಣಿ ಆಸಿಲಾ ನಾಹಿಂ’ ಎಂದರೆ ನೀರು ಬರಲಿಲ್ಲ. ‘ಪಾಣಿ ಆಸಿಬ ನಾಹಿಂ’ ಎಂದರೆ ನೀರು ಬರಲ್ಲ, ಮುಂದಕ್ಕೆ.

ಇದರಲ್ಲಿ ಎರಡನೆಯದನ್ನೂ ಮೂರನೆಯದನ್ನೂ ಹತ್ತಿರದಿಂದ ನೋಡಿ. ಕನ್ನಡದಲ್ಲಿ ‘ಬಂದಿದೆ’ ಅನ್ನುವುದರ ಒಳಗೆ ‘ಇದೆ’ ಇದೆ. ನಿಷೇಧ ಮಾಡುವಾಗ ಆ ‘ಇದೆ’ ಎದ್ದು ಹೋಗುತ್ತದೆ, ಅದೇ ಜಾಗದಲ್ಲಿ ‘ಇಲ್ಲ’ ಕೂರುತ್ತದೆ: ಬಂದಿಲ್ಲ. ಒಡಿಯಾದಲ್ಲಿ ‘ಇದೆ’ಗೆ ‘ಅಛಿ’. ‘ಆಸಿಛಿ’ ಎಂದರೆ ಬಂದಿದೆ. ಆ ‘ಛಿ’ ಎದ್ದು ಹೋಗಿ ‘ನಾಹಿಂ’ ಕೂರುತ್ತದೆ: ಆಸಿನಾಹಿಂ. ‘ಬರ್ತಾ ಇದೆ’, ‘ಬರ್ತಾ ಇಲ್ಲ’ ಹೇಗೋ ‘ಆಸುಛಿ’, ‘ಆಸುನಾಹಿಂ’ ಹಾಗೇ. ಬೇರೆ ಬೇರೆ ಕುಟುಂಬದ ಎರಡು ಭಾಷೆ ಒಂದೇ ಕೆಲಸವನ್ನು ಒಂದೇ ರೀತಿಯಲ್ಲಿ ಮಾಡುತ್ತಿರುವುದನ್ನು ಮೊದಲ ಸಲ ಗಮನಿಸಿದಾಗ ನನಗೆ ಆದ ಸಂತೋಷ ಇವತ್ತಿಗೂ ನೆನಪಿದೆ.

ಮಾತಿನಲ್ಲಿ ‘ನಾಹಿಂ’ ಸವೆದು ಬರೀ ‘ನಿ’ ಆಗುತ್ತದೆ. ಪ್ಲಂಬರ್ ಬಾಯಲ್ಲಿ ನೀವು ಕೇಳುವುದು ಆಸುನಿ, ಆಸಿನಿ, ಆಸಿಲಾನಿ, ಆಸಿಬನಿ. ಆಸುನಿ, ಆಸಿನಿ ನಡುವೆ ಬರೀ ಒಂದು ಸ್ವರದ ವ್ಯತ್ಯಾಸ. ‘ಉ’ ಇದ್ದರೆ ಈಗ ಬರ್ತಾ ಇಲ್ಲ, ‘ಇ’ ಇದ್ದರೆ ಇನ್ನೂ ಬಂದಿಲ್ಲ. ಕಿವಿ ಅಲ್ಲೇ ಇಡಿ.

‘ಇರಲಿಲ್ಲ’ ಮಾತ್ರ ಬೇರೆ ದಾರಿ ಹಿಡಿಯುತ್ತದೆ. ‘ಥಿಲಾ’ ಎಂದರೆ ಇತ್ತು. ‘ಥಿಲಾ ನಾಹಿಂ’ ಅನ್ನುವುದಿಲ್ಲ, ‘ನಥಿಲಾ’ ಅನ್ನುತ್ತಾರೆ. ‘ಕಾಲಿ ಪಾಣಿ ನಥಿಲಾ’, ನಿನ್ನೆ ನೀರು ಇರಲಿಲ್ಲ. ಇಲ್ಲಿ ‘ನ’ ಮುಂದೆ ಬಂದು ಅಂಟಿಕೊಂಡಿದೆ.

ಕನ್ನಡಿಗರು ಕಷ್ಟಪಡುವ ಜಾಗವೂ ಒಂದಿದೆ. ನಮ್ಮ ‘ಅಲ್ಲ’, ‘ಇಲ್ಲ’ ಯಾರಿಗೂ ಬಾಗುವುದಿಲ್ಲ. ‘ನಾನು ಅಲ್ಲ, ನೀವು ಅಲ್ಲ, ಅವರು ಅಲ್ಲ’, ಎಲ್ಲಕ್ಕೂ ಒಂದೇ. ಒಡಿಯಾದ್ದು ಯಾರ ಬಗ್ಗೆ ಹೇಳುತ್ತೇವೋ ಅವರಿಗೆ ತಕ್ಕಂತೆ ಬಾಗುತ್ತದೆ. ‘ಮುಂ ಮಾಲಿಕ ನುಹೇಂ’, ಆದರೆ ‘ಆಪಣ ಮಾಲಿಕ ನುಹಂತಿ’. ‘ಸೇ ಘರೇ ನಾಹಿಂ’ ಎಂದರೆ ಅವನು ಮನೇಲಿಲ್ಲ. ಹಿರಿಯರ ಬಗ್ಗೆ, ಅಥವಾ ಹಲವರ ಬಗ್ಗೆ ಹೇಳುವಾಗ ‘ಘರೇ ನಾಹಾಂತಿ’. ನಾವು ಮರ್ಯಾದೆಯನ್ನು ‘ಅವರು’ ಎಂಬ ಪದದಲ್ಲಿ ಮುಗಿಸಿಬಿಡುತ್ತೇವೆ, ಅವರು ‘ಇಲ್ಲ’ದಲ್ಲೂ ತೋರಿಸುತ್ತಾರೆ. ನಿಮ್ಮ ರಾತ್ರಿ ಕಾವಲಿನವರು ವಯಸ್ಸಾದವರಾದರೆ ‘ನಾಹಾಂತಿ’ ಬಳಸಿ.

ಪ್ರಶ್ನೆ: ನಾನು ನರ್ಸ್. ನಮ್ಮ ಆಸ್ಪತ್ರೆಗೆ ಒಡಿಶಾದ ಕೂಲಿ ಕೆಲಸದವರು, ಅವರ ಮನೆಯವರು ತುಂಬಾ ಬರುತ್ತಾರೆ. ಹೆಂಗಸರಿಗೆ ಹಿಂದಿಯೂ ಅಷ್ಟಾಗಿ ಬರಲ್ಲ. ‘ಹೆದರಬೇಡಿ’, ‘ನೀರು ಕುಡಿಯಬೇಡಿ’, ‘ಬೆಳಿಗ್ಗೆ ಏನೂ ತಿನ್ನದೆ ಬನ್ನಿ’ ಇಷ್ಟು ಹೇಳಿಕೊಡಿ. ‘ಬೇಡ’ಕ್ಕೆ ಒಡಿಯಾದಲ್ಲಿ ಏನು?
— ಓದುಗರು, ಜಯನಗರ

ಉತ್ತರ: ನೀವು ಈ ಪ್ರಶ್ನೆ ಕೇಳಿದ್ದು ನನಗೆ ಬಹಳ ಹಿಡಿಸಿತು. ಪರ ಊರಿನಲ್ಲಿ, ಅದೂ ಆಸ್ಪತ್ರೆಯ ಮಂಚದ ಮೇಲೆ, ತನ್ನ ಭಾಷೆಯಲ್ಲಿ ‘ಹೆದರಬೇಡಿ’ ಕೇಳುವುದು ಎಂಥ ಧೈರ್ಯ ಕೊಡುತ್ತದೆ ಎಂದು ನಾನು ಬಲ್ಲೆ.

‘ಬೇಡ’ ಎಂಬ ಪ್ರತ್ಯೇಕ ಪದ ಒಡಿಯಾದಲ್ಲಿಲ್ಲ. ‘ಮಾಡಿ’ ಎನ್ನುವ ರೂಪಕ್ಕೇ ‘ನಾಹಿಂ’ ಸೇರಿಸಿದರೆ ಆಯಿತು. ‘ಡರಂತು ನಾಹಿಂ’, ಹೆದರಬೇಡಿ. ‘ಚಿಂತಾ ಕರಂತು ನಾಹಿಂ’, ಚಿಂತೆ ಮಾಡಬೇಡಿ. ‘ಪಾಣಿ ಪಿಅಂತು ನಾಹಿಂ’, ನೀರು ಕುಡಿಯಬೇಡಿ. ಈ ‘ಅಂತು’ ಮರ್ಯಾದೆಯ ರೂಪ, ದೊಡ್ಡವರೆಲ್ಲರಿಗೂ ಅದನ್ನೇ ಹೇಳಿ. ಅಳುವ ಮಗುವಿಗೆ ಮಾತ್ರ ‘ಕಾಂದ ನಾ’, ಅಳಬೇಡ.

ಇನ್ನು ‘ತಿನ್ನದೆ ಬನ್ನಿ’. ಇಲ್ಲಿ ದಯವಿಟ್ಟು ಜಾಗ್ರತೆ. ‘ಖಾಆಂತು ನಾಹಿಂ’ ಎಂದುಬಿಟ್ಟರೆ ‘ತಿನ್ನಬೇಡಿ’ ಅಷ್ಟೇ ಆಗುತ್ತದೆ. ಗಾಬರಿಯಲ್ಲಿರುವವರು ಅವತ್ತಿಡೀ ಉಪವಾಸ ಕೂತಾರು. ಸರಿಯಾದದ್ದು: ‘ಕಾಲಿ ಸಕಾಳೇ ನ ಖಾಇ ಆಸಂತು.’ ನಾಳೆ ಬೆಳಿಗ್ಗೆ ತಿನ್ನದೆ ಬನ್ನಿ. ‘ಖಾಲಿ ಪೇಟರೇ ಆಸಂತು’ ಅಂದರೂ ನಡೆಯುತ್ತದೆ, ಖಾಲಿ ಹೊಟ್ಟೇಲಿ ಬನ್ನಿ. ‘ಕಾಲಿ’ ಎಂದರೆ ನಿನ್ನೆಯೂ ಹೌದು, ನಾಳೆಯೂ ಹೌದು, ಅದನ್ನು ಕ್ರಿಯಾಪದ ಹೇಳುತ್ತದೆ.

‘ನ ಖಾಇ’ಯಲ್ಲಿ ‘ನ’ ಮುಂದೆ ಹೋಯಿತು, ಗಮನಿಸಿದಿರಾ? ಮಾತು ಮುಗಿಯುವ ಕ್ರಿಯಾಪದಕ್ಕೆ ‘ನಾಹಿಂ’ ಹಿಂದೆ ಬರುತ್ತದೆ. ಇನ್ನೂ ಮುಗಿಯದೆ ಮುಂದಕ್ಕೆ ಸಾಗುವ ಕ್ರಿಯಾಪದಕ್ಕೆ ‘ನ’ ಮುಂದೆ ಬರುತ್ತದೆ. ಎರಡನ್ನೂ ಒಂದೇ ವಾಕ್ಯದಲ್ಲಿ ನೋಡಬೇಕಾದರೆ: ‘ಬರ್ಷಾ ನ ಹೇಲೇ ಚಾಷ ಹೇಬ ನಾಹಿಂ.’ ಮಳೆ ಆಗದಿದ್ದರೆ ಬೇಸಾಯ ಆಗಲ್ಲ. ಕನ್ನಡವೂ ಇಲ್ಲಿ ಎರಡು ದಾರಿ ಹಿಡಿದಿದೆ. ‘ಆಗದಿದ್ದರೆ’ಯಲ್ಲಿ ನಿಷೇಧ ಪದದ ಹೊಟ್ಟೆಯೊಳಗೆ ‘ದ’ ಆಗಿ ಅಡಗಿದೆ, ಕೊನೆಯ ‘ಆಗಲ್ಲ’ದಲ್ಲಿ ಬಯಲಾಗಿ ನಿಂತಿದೆ. ಹಾಗಾಗಿ ನೀವು ಕನ್ನಡದಲ್ಲಿ ‘ತಿನ್ನದೆ, ಹೇಳದೆ, ಬರದಿದ್ದರೆ’ ಅನ್ನುವ ಕಡೆಯೆಲ್ಲ ಒಡಿಯಾದಲ್ಲಿ ‘ನ’ ಮುಂದೆ ಇಡಿ: ನ ಖಾಇ, ನ ಕಹಿ, ನ ಆಸಿಲೇ.

ರಕ್ತ ತೆಗೆಯುವ ಮುಂಚೆ ‘ಏನೂ ತಿಂದಿಲ್ಲ ತಾನೇ?’ ಎಂದು ಕೇಳುವುದು ನಮಗೆ ರೂಢಿ. ಒಡಿಯಾದಲ್ಲೂ ಹಾಗೇ ಕೇಳಬಹುದು: ‘ಕಿಛಿ ಖಾಇ ನಾಹಾಂತಿ ತ?’ ಆ ‘ತ’ ನಮ್ಮ ‘ತಾನೇ’. ಆದರೆ ಉತ್ತರಕ್ಕೆ ತಲೆಯಾಡಿಸುವುದನ್ನು ನಂಬಬೇಡಿ, ಯಾವ ಭಾಷೆಯಲ್ಲೇ ಆಗಲಿ ಇಂಥ ಪ್ರಶ್ನೆಗೆ ಬರೀ ‘ಹೂಂ’ ಎಂದರೆ ತಿಂದಿದ್ದಾರೋ ಇಲ್ಲವೋ ತಿಳಿಯುವುದಿಲ್ಲ. ‘ಕಿಛಿ ಖಾಇಛಂತಿ ಕಿ?’, ಏನಾದರೂ ತಿಂದಿದ್ದೀರಾ, ಎಂದು ನೇರವಾಗಿ ಕೇಳಿ. ‘ಖಾಇಛಿ’ ಎಂದರೆ ತಿಂದಿದ್ದಾರೆ. ‘ಖಾಇನಿ’ ಎಂದರೆ ತಿಂದಿಲ್ಲ.

ಪ್ರಶ್ನೆ: ಮಗ ಕಟಕದ ಹುಡುಗಿಯನ್ನು ಮದುವೆಯಾಗಿದ್ದಾನೆ. ಮೊದಲ ಸಲ ಬೀಗರ ಮನೆಗೆ ಹೋಗಲಿದ್ದೇವೆ. ನಾವು ಮೀನು ಮಾಂಸ ತಿನ್ನುವವರಲ್ಲ. ಅವರಿಗೆ ಬೇಸರ ಆಗದ ಹಾಗೆ ಹೇಳುವುದು ಹೇಗೆ?
— ಓದುಗರು, ಮಲ್ಲೇಶ್ವರ

ಉತ್ತರ: ‘ಮುಂ ಮಾಛ ಖಾಏನಿ’ ಎನ್ನಿ. ‘ಖಾಇಬಿನಿ’ ಎನ್ನಬೇಡಿ. ಎರಡಕ್ಕೂ ಕನ್ನಡದಲ್ಲಿ ‘ನಾನು ಮೀನು ತಿನ್ನಲ್ಲ’ ಎಂದೇ ಅರ್ಥ, ತೊಂದರೆ ಇರುವುದೇ ಅಲ್ಲಿ.

ನಮ್ಮ ‘ತಿನ್ನಲ್ಲ’ ಎರಡು ಕೆಲಸ ಮಾಡುತ್ತದೆ. ಅಭ್ಯಾಸ ಇಲ್ಲ ಎನ್ನುವುದಕ್ಕೂ ಅದೇ, ಈಗ ಕೊಟ್ಟರೆ ತಿನ್ನೆ ಎನ್ನುವುದಕ್ಕೂ ಅದೇ. ಒಡಿಯಾ ಇವೆರಡನ್ನು ಬೇರೆ ಮಾಡುತ್ತದೆ. ‘ಖಾಏ ನಾಹಿಂ’ ಎಂದರೆ ನನ್ನ ಊಟದ ಪದ್ಧತಿಯಲ್ಲಿ ಅದಿಲ್ಲ. ‘ಖಾಇಬಿ ನಾಹಿಂ’ ಎಂದರೆ ನೀವು ಕೊಟ್ಟದ್ದನ್ನು ತಿನ್ನುವುದಿಲ್ಲ.

ನಾನು ಕಟಕಕ್ಕೆ ಹೋದ ಮೊದಲ ವರ್ಷದಲ್ಲೇ ಈ ತಪ್ಪು ಮಾಡಿದೆ. ಅದೇ ಮಾವುಸಿ ಸಾಸಿವೆ ಅರೆದು ಹಾಕಿದ ‘ಮಾಛ ಬೇಸರ’ ಎಂಬ ಮೀನಿನ ಅಡುಗೆ ಮಾಡಿ, ಕಂಚಿನ ಬಟ್ಟಲಲ್ಲಿ ಹಾಕಿಕೊಂಡು, ಸೆರಗಿನಿಂದ ಬಟ್ಟಲ ಅಂಚು ಹಿಡಿದು ನಮ್ಮ ಬಾಗಿಲಿಗೆ ತಂದರು. ‘ಮಾಛ ಖಾಇಬ?’ ಅಂದರು. ನಾನು ‘ಖಾಇಬಿನಿ’ ಎಂದೆ. ಅವರ ಮುಖ ಇಳಿದುಹೋಯಿತು. ಬಟ್ಟಲನ್ನು ಇನ್ನೊಂದು ಕೈಗೆ ಬದಲಿಸಿಕೊಂಡು ಸುಮ್ಮನೆ ನಿಂತರು. ಅವರ ಹಿಂದೆಯೇ ಬಂದಿದ್ದ ಹತ್ತು ವರ್ಷದ ಮಗಳಿಗೆ ಏನಾಯಿತೆಂದು ಹೊಳೆಯಿತು. ‘ಖಾಏನಿ ಬೋಲಿ ಕುಹ’ ಎಂದು ನನಗೆ ಹೇಳಿತು ಮಗು. ‘ಖಾಏನಿ’ ಎಂದು ಹೇಳಿ, ಅಂತ. ನಾನು ಹೇಳಿದೆ. ಮಾವುಸಿ ‘ಓ’ ಎಂದು ನನ್ನ ಕೈ ಹಿಡಿದುಕೊಂಡರು. ಸಂಜೆ ಅದೇ ಬಟ್ಟಲಲ್ಲಿ ಡಾಲ್ಮಾ ಬಂತು, ಬೇಳೆ, ಬಾಳೆಕಾಯಿ, ಕುಂಬಳಕಾಯಿ ಹಾಕಿದ್ದು. ಆಮೇಲೆ ನಾವು ಅಲ್ಲಿದ್ದಷ್ಟು ಕಾಲವೂ ಆ ಬಟ್ಟಲು ಎರಡು ಮನೆಗಳ ನಡುವೆ ಓಡಾಡಿತು.

ಎಲೆಯ ಮುಂದೆ ಕೂತಾಗ ಇನ್ನೊಂದು ಪದ ಬೇಕಾಗುತ್ತದೆ. ‘ದರಕಾರ ನಾಹಿಂ’ ಎಂದರೆ ‘ಬೇಕಾಗಿಲ್ಲ’. ಅಂಗಡಿಯಲ್ಲಿ ಸರಿ, ಬೀಗಿತಿ ಬಡಿಸುವಾಗ ಒರಟು. ಅಲ್ಲಿ ‘ಥಾಉ, ಥಾಉ’ ಎನ್ನಿ. ಅಕ್ಷರಶಃ ನಮ್ಮ ‘ಇರಲಿ, ಇರಲಿ’. ಅಂಗೈ ಎಲೆಯ ಮೇಲೆ ಅಡ್ಡ ಹಿಡಿದು ಹಾಗೆನ್ನುವುದು ಅಲ್ಲೂ ಇದೆ, ಇಲ್ಲೂ ಇದೆ.

ಸಾಧ್ಯವಾದರೆ ಕಾರ್ತಿಕ ಮಾಸದಲ್ಲಿ ಹೋಗಿ. ಆ ತಿಂಗಳು ಒಡಿಶಾದಲ್ಲಿ ಎಷ್ಟೋ ಮನೆಗಳು ಮೀನು ಮಾಂಸ ಬಿಟ್ಟಿರುತ್ತವೆ. ಕೊನೆಯ ಐದು ದಿನಕ್ಕೆ ಬಗ ಪಂಚುಕ ಎನ್ನುತ್ತಾರೆ, ಬಕ ಪಕ್ಷಿಯೂ ಆ ಐದು ದಿನ ಮೀನು ಮುಟ್ಟುವುದಿಲ್ಲ ಎಂಬ ನಂಬಿಕೆ. ಹುಣ್ಣಿಮೆಗೆ ಮಹಾನದಿಯ ದಂಡೆಯಲ್ಲಿ ಬಾಲಿ ಜಾತ್ರೆ ಶುರುವಾಗುತ್ತದೆ, ಅದನ್ನೂ ನೋಡಿದ ಹಾಗಾಯಿತು. ಹುಣ್ಣಿಮೆಯ ಮರುದಿನ ಛಾಡಖಾಇ, ಅವತ್ತು ಮನೆಮನೆಯಲ್ಲೂ ಮೀನು ಮಾಂಸದ ಅಡುಗೆ. ಅವತ್ತಿಗೆ ‘ಖಾಏನಿ’ ನೆನಪಿರಲಿ.

ಪ್ರಶ್ನೆ: ಕನ್ನಡದ ‘ಅರಿಯೆ’, ‘ಒಲ್ಲೆ’ಯಂಥ ಒಂದೇ ಪದದ ನಿಷೇಧ ಒಡಿಯಾದಲ್ಲಿ ಇದೆಯೇ?
— ಓದುಗರು, ಬಸವನಗುಡಿ

ಉತ್ತರ: ಇಲ್ಲ. ‘ಅರಿಯೆ’ಯನ್ನು ಬಿಡಿಸಿ ನೋಡಿ: ‘ಅರಿ’ ಎಂಬ ಧಾತು, ‘ನಾನು’ ಎಂದು ಸೂಚಿಸುವ ‘ಎ’. ನಡುವೆ ಬೇಡ ಎನ್ನುವ ಯಾವ ಗುರುತೂ ಇಲ್ಲ. ಕಾಲದ ಗುರುತು ಇಲ್ಲದಿರುವುದೇ ನಿಷೇಧ. ದ್ರಾವಿಡ ಭಾಷೆಗಳ ಈ ಹಳೆಯ ಸೊಗಸು ಒಡಿಯಾದಲ್ಲಿಲ್ಲ. ಅವರು ‘ಜಾಣೇ ನಾಹಿಂ’ ಎಂದೇ ಹೇಳಬೇಕು, ಮಾತಿನಲ್ಲಿ ‘ಜಾಣಿನಿ’.

ಅವರ ನಿಷೇಧವನ್ನೆಲ್ಲ ಒಂದು ಕಡೆ ಪೇರಿಸಿದರೆ ನ, ನಾ, ನಾಹಿಂ, ನುಹೇಂ, ನಥಿಲಾ. ಎಲ್ಲವೂ ‘ನ’ದಿಂದಲೇ ಶುರು. ನಮ್ಮದನ್ನು ಪೇರಿಸಿ: ಇಲ್ಲ, ಅಲ್ಲ, ಬೇಡ, ಒಲ್ಲೆ, ಆರೆ, ಬಾರದು, ಕೂಡದು. ಒಂದರಲ್ಲೂ ‘ನ’ ಇಲ್ಲ. ‘ನಕಾರ’ ಎಂಬ ಪದವನ್ನು ನಾವು ಸಂಸ್ಕೃತದಿಂದ ತಂದುಕೊಂಡಿದ್ದೇವೆ, ನಮ್ಮ ನಿರಾಕರಣೆಗಳಲ್ಲಿ ಆ ಅಕ್ಷರವೇ ಇಲ್ಲ. ಬೆಂಗಳೂರಿನ ಅಗರದ ಜಗನ್ನಾಥ ದೇವಸ್ಥಾನದ ಹೊರಗೆ ಯಾವುದಾದರೂ ಸಂಜೆ ನಿಂತು ಅಲ್ಲಿನ ಮಾತಿಗೆ ಕಿವಿಗೊಡಿ. ಭಾಷೆ ಬರದಿದ್ದರೂ ವಾಕ್ಯದ ಕೊನೆಗೆ ಬೀಳುವ ‘ನಿ’ ಹಿಡಿದರೆ ಸಾಕು, ಯಾರು ಏನನ್ನೋ ಆಗಲ್ಲ ಅಂದರು ಎಂದು ನಿಮಗೆ ಗೊತ್ತಾಗುತ್ತದೆ.