ಸೋಷಿಯಲ್ ಮೀಡಿಯಾ, ವೆಬ್‌ಸೈಟ್‌ಗಳಿಂದ ಸರ್ಕಾರದ ಕೆಲಸ ಹೇಗೆ ಪಾರದರ್ಶಕ ಆಗುತ್ತದೆ?

ಎರಡು ರೀತಿಯಲ್ಲಿ. ಯಾರನ್ನೂ ಕೇಳದೆ ದಾಖಲೆ ನೋಡಲು ಸಿಗುತ್ತದೆ. ಕೇಳಿದ ಪ್ರಶ್ನೆ ಹತ್ತು ಜನರಿಗೆ ಕಾಣುತ್ತದೆ.

ನನ್ನ ಪ್ರಕಾರ ಮೊದಲನೆಯದೇ ದೊಡ್ಡದು. ಜಮೀನಿನ ದಾಖಲೆಯಾದ ಪಹಣಿಯನ್ನೇ ತೆಗೆದುಕೊಳ್ಳಿ. ಅದನ್ನು ಕಂಪ್ಯೂಟರ್‌ಗೆ ಹಾಕಿದ ಕರ್ನಾಟಕ ಸರ್ಕಾರದ 'ಭೂಮಿ' ಯೋಜನೆ ಬರುವ ಮೊದಲು ಅದು ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕದಲ್ಲಿತ್ತು. ಅವರು ಸಿಕ್ಕಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಈಗ ಮುಂಬೈಯಲ್ಲಿರುವ ಉಡುಪಿಯವರೂ ಸರ್ವೆ ನಂಬರ್ ಹಾಕಿ ಊರಿನ ಗದ್ದೆ ಯಾರ ಹೆಸರಲ್ಲಿದೆ, ಅದರ ಮೇಲೆ ಸಾಲ ಇದೆಯಾ ಎಂದು ನೋಡಬಹುದು. ಖಾತೆ ಬದಲಾವಣೆಯ ಅರ್ಜಿಗೆ ನಂಬರ್, ತಾರೀಕು ಬೀಳುತ್ತದೆ. ಬಂದ ಸರದಿಯಲ್ಲೇ ವಿಲೇವಾರಿ ಆಗಬೇಕು ಎಂಬುದು ಭೂಮಿ ಯೋಜನೆಯ ನಿಯಮ. ಕಡತ ಎಲ್ಲಿ, ಎಷ್ಟು ದಿನದಿಂದ ನಿಂತಿದೆ ಎಂಬುದು ಕಣ್ಣಿಗೆ ಬೀಳುತ್ತದಲ್ವಾ, ಅಲ್ಲೇ ಬದಲಾವಣೆ ಶುರು.

ಸೋಷಿಯಲ್ ಮೀಡಿಯಾದ ಕೆಲಸ ಬೇರೆ. ಮಂಗಳೂರಿನಲ್ಲಿ ಮಳೆಗೆ ಚರಂಡಿ ಉಕ್ಕಿತು ಅನ್ನಿ. ಫೋಟೊ ಹಾಕಿ ಪಾಲಿಕೆಯನ್ನು ಟ್ಯಾಗ್ ಮಾಡಿದರೆ ದೂರೂ ಉತ್ತರವೂ ಎಲ್ಲರೆದುರು ಉಳಿಯುತ್ತವೆ. ಆದರೆ ಸುಮ್ನೆ ಫೋಟೊ ಸಾಲದು. ಆ ಕಾಮಗಾರಿಯ ಟೆಂಡರ್‌ನಲ್ಲಿ ಎಷ್ಟು ಉದ್ದ, ಎಷ್ಟು ಹಣ, ಯಾವಾಗ ಮುಗಿಯಬೇಕು ಎಂದಿದೆ ನೋಡಿ, ಅದನ್ನು ಜೊತೆಗಿಟ್ಟು ಕೇಳಿ. ಆಗ ಹಾರಿಕೆ ಉತ್ತರ ಕೊಡುವುದು ಕಷ್ಟ.

ಟೆಂಡರ್ ವಿವರ ಸಿಗಲಿಲ್ಲವಾ? 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿ. 30 ದಿನದೊಳಗೆ ಉತ್ತರ ಕೊಡಬೇಕು.