20ರಲ್ಲಿ 3

ಮಾರ್ಚ್ ಮೊದಲ ವಾರ. ಕಿಟಕಿಯಾಚೆ ಮೊಣಕಾಲೆತ್ತರ ಹಿಮ. ಒಳಗೆ ಬಂದ ಹುಡುಗನ ಮೂಗು ಮಾತ್ರ ಬಿಸಿಲಿಗೆ ಸುಟ್ಟು ಸಿಪ್ಪೆ ಏಳುತ್ತಿತ್ತು. ನಮ್ಮೂರಲ್ಲಿ ಆ ತಿಂಗಳು ಅಂಥ ಮೂಗು ಕಂಡರೆ ಕೇಳದೆಯೇ ಗೊತ್ತಾಗುತ್ತದೆ: ಬೇಸ್‌ಬಾಲ್ ತಂಡದವನು, ದಕ್ಷಿಣದ ರಾಜ್ಯಗಳಲ್ಲಿ ಆಡಿ ಈಗಷ್ಟೇ ವಾಪಸಾಗಿದ್ದಾನೆ.

ನಾನು ಅಮೆರಿಕದ ಉತ್ತರ ಭಾಗದ ಒಂದು ವಿಶ್ವವಿದ್ಯಾಲಯದಲ್ಲಿ ಆಪ್ತಸಲಹೆಗಾರ್ತಿ. ಹುಡುಗನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಮನೆಯಲ್ಲಿ ಅವನನ್ನು ಪುಟ್ಟ ಎನ್ನುತ್ತಾರೆ, ಇಲ್ಲೂ ಹಾಗೇ ಕರೆಯುತ್ತೇನೆ. 20 ವರ್ಷ, ಎರಡನೇ ವರ್ಷದ ಓದು, ವಿಷಯ ಸಂಖ್ಯಾಶಾಸ್ತ್ರ. ತಂದೆ ದಾವಣಗೆರೆ ಕಡೆಯವರು, ತಾಯಿ ಶಿವಮೊಗ್ಗದವರು. ಹುಡುಗ ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಮಾತು ಇಂಗ್ಲಿಷಿನಲ್ಲೇ ನಡೆಯುತ್ತಿತ್ತು. ಅಪ್ಪ ಅಮ್ಮನ ವಿಷಯ ಬಂದಾಗ ಮಾತ್ರ ತಾನಾಗಿ ಕನ್ನಡಕ್ಕೆ ಬರುತ್ತಿದ್ದ.

ಬಂದ ಕಾರಣ ಕೇಳಿದೆ. “ತಂಡ 11 ಆಡಿದೆ, 9 ಸೋತಿದೆ. ನಾನು 20ರಲ್ಲಿ 3. ಈಗ ಬೆಂಚಿನ ಮೇಲೆ ಕೂತಿದ್ದೀನಿ” ಎಂದ. 20ರಲ್ಲಿ 3 ಎಂದರೆ, 20 ಸಲ ಬ್ಯಾಟ್ ಹಿಡಿದು ಮೂರೇ ಸಲ ಹಿಟ್, ಅಂದರೆ ಚೆಂಡು ಹೊಡೆದು ಬೇಸ್ ಮುಟ್ಟಿದ್ದು. ತನ್ನ ಬಗ್ಗೆ ಹೇಳಲು ಅವನ ಬಳಿ ಇದ್ದದ್ದು ಅಷ್ಟೇ, ಮೂರು ಅಂಕಿ. ನಿದ್ದೆ ನಾಲ್ಕು ಗಂಟೆಗೆ ಇಳಿದಿತ್ತು. ಎರಡು ತರಗತಿ ತಪ್ಪಿಸಿಕೊಂಡಿದ್ದ. ಊಟದ ಹಾಲ್‌ನಲ್ಲಿ ತಂಡದವರು ಕೂರುವ ಮೇಜು ಬಿಟ್ಟು ಬೇರೆ ಕಡೆ ಕೂರುತ್ತಿದ್ದ. ಬೇರೆ ಕಾಲೇಜಿಗೆ ಹೋಗಲು ಟ್ರಾನ್ಸ್‌ಫರ್ ಪೋರ್ಟಲ್‌ನಲ್ಲಿ ಹೆಸರು ಬರೆಸಬೇಕು, ಇಲ್ಲವೇ ಆಟವನ್ನೇ ಬಿಡಬೇಕು ಎನ್ನುವುದರಲ್ಲಿದ್ದ.

ಇಂಥ ಹೊತ್ತಿನಲ್ಲಿ ನಾನು ಬಳಸು ಮಾತು ಹಿಡಿಯುವುದಿಲ್ಲ. “ಸಾಯಬೇಕು ಅಂತ ಅನ್ನಿಸಿದೆಯಾ?” ಎಂದು ನೇರವಾಗಿಯೇ ಕೇಳಿದೆ. ಕೇಳಿದರೆ ಆ ಯೋಚನೆ ತಲೆಗೆ ಬರುತ್ತದೆ ಎಂಬ ಭಯ ನಮ್ಮ ಮನೆಗಳಲ್ಲಿ ಬಹಳ. ಅದು ನಿಜವಲ್ಲ, ಕೇಳಿದ್ದರಿಂದ ಬಾಯಿ ಬಿಟ್ಟು ಹೇಳುವ ದಾರಿ ಸಿಗುತ್ತದೆ. ಅವನು “ಇಲ್ಲ, ಮಲಗಿದರೆ ಸಾಕು ಅನ್ನಿಸುತ್ತೆ” ಎಂದ. ಆದರೂ ಇಲ್ಲಿಯ 988 ಸಹಾಯವಾಣಿಯನ್ನು ಅವನ ಫೋನಿನಲ್ಲಿ ಉಳಿಸಿ ಕಳಿಸಿದೆ. ಭಾರತದಲ್ಲಿ ಓದುವವರು ಟೆಲಿ ಮಾನಸ್‌ನ 14416 ಇಟ್ಟುಕೊಳ್ಳಿ, ಕನ್ನಡದಲ್ಲೂ ಮಾತಾಡುತ್ತಾರೆ.

ಮೊದಲ ಭೇಟಿಯ ಬಹುಪಾಲು ನಾನು ಕೇಳಿದ್ದು ಮಣ್ಣಿನ ಕಥೆ. ಕಾಲೇಜು ಬೇಸ್‌ಬಾಲಿನ ಮೇಲಿನ ದರ್ಜೆಯಲ್ಲಿ ಋತು ಫೆಬ್ರುವರಿ ನಡುವಿಗೇ ಶುರುವಾಗುತ್ತದೆ. ಆಗ ಉತ್ತರದ ಊರುಗಳ ಮೈದಾನಗಳೆಲ್ಲ ಹಿಮದಡಿ. ಹಾಗಾಗಿ ಮೊದಲ ಮೂರು ನಾಲ್ಕು ವಾರ ಉತ್ತರದ ತಂಡಗಳು ದಕ್ಷಿಣಕ್ಕೆ ಹೋಗಿ, ಚಳಿಗಾಲ ಪೂರ್ತಿ ಬಯಲಲ್ಲೇ ಅಭ್ಯಾಸ ಮಾಡಿದವರ ಅಂಗಳದಲ್ಲಿ, ಅವರೆದುರು ಆಡಬೇಕು. ಪುಟ್ಟ ಶಾರ್ಟ್‌ಸ್ಟಾಪ್. ಎರಡನೇ ಮತ್ತು ಮೂರನೇ ಬೇಸ್ ನಡುವೆ ನಿಂತು, ನೆಲಕ್ಕಂಟಿ ಬರುವ ಚೆಂಡು ಹಿಡಿದು ಫಸ್ಟ್ ಬೇಸಿಗೆ ಎಸೆಯುವುದು ಅವನ ಕೆಲಸ. ನವೆಂಬರಿನಿಂದ ಫೆಬ್ರುವರಿವರೆಗೆ ಅವನು ಚೆಂಡು ಹಿಡಿದದ್ದು ಸೂರಿನಡಿಯ ಪ್ಲಾಸ್ಟಿಕ್ ಹುಲ್ಲಿನ ಮೇಲೆ. ಅಲ್ಲಿ ಪುಟಿತ ಪ್ರತಿ ಸಲವೂ ಒಂದೇ ಥರ. ಮಣ್ಣಿನ ಮೇಲೆ ಪುಟಿಯುವ ಚೆಂಡನ್ನು ಈ ವರ್ಷ ಅವನು ಮೊದಲು ನೋಡಿದ್ದೇ ಮೊದಲ ಪಂದ್ಯದಲ್ಲಿ. ಎರಡನೇ ವಾರದ ಭಾನುವಾರ, ಕೊನೆಯ ಅಂದರೆ ಒಂಬತ್ತನೇ ಇನಿಂಗ್ಸ್, ಒಂದು ರನ್ನಿನ ಮುನ್ನಡೆ, ಎರಡು ಔಟ್ ಆಗಿತ್ತು, ಇನ್ನೊಂದಾದರೆ ಗೆಲುವು. ಸುಲಭದ ಚೆಂಡು. ಒಂದು ಹೆಂಟೆ ತಗುಲಿ ತಗ್ಗಿ ಬಂದು ಕೈಗವುಸಿನ ಕೆಳಗೆ ತೂರಿ ಹೋಯಿತು. ಇಬ್ಬರು ಓಡಿ ಬಂದರು, ಪಂದ್ಯ ಹೋಯಿತು. ಹೇಳುತ್ತಾ ಅವನು ಕುರ್ಚಿಯಲ್ಲೇ ಬಗ್ಗಿ ಎಡಗೈಯನ್ನು ನೆಲಕ್ಕೆ ಚಾಚಿ ತೋರಿಸಿದ. ಬೆರಳ ತುದಿ ಕಾರ್ಪೆಟ್ಟಿಗೆ ತಾಗಿತು. “ಇಷ್ಟು ಕೆಳಗೆ ಇರಬೇಕಿತ್ತು” ಎಂದ. ಆಮೇಲಿನ ಭೇಟಿಗಳಲ್ಲೂ ಆ ಕೈ ಎಷ್ಟೋ ಸಲ ಹಾಗೇ ಕೆಳಗಿಳಿದು ಮೇಲೆ ಬರುತ್ತಿತ್ತು, ಅವನಿಗೇ ತಿಳಿಯದೆ.

ಕೋಚ್ ಒಳ್ಳೆಯ ಉದ್ದೇಶದಿಂದಲೇ ಫ್ರೆಸ್ನೊ ಸ್ಟೇಟ್ ಕಥೆಯನ್ನು ಹುಡುಗರಿಗೆ ಮತ್ತೆ ಮತ್ತೆ ಹೇಳುತ್ತಿದ್ದರಂತೆ. 2008ರಲ್ಲಿ ಆ ತಂಡ ಮೊದಲ 20 ಪಂದ್ಯಗಳಲ್ಲಿ 8 ಗೆದ್ದು 12 ಸೋತಿತ್ತು. ಜೂನ್‌ನಲ್ಲಿ ಒಮಾಹಾ ನಗರಕ್ಕೆ ಹೋಗಿ, ಕಾಲೇಜು ಬೇಸ್‌ಬಾಲಿನ ರಾಷ್ಟ್ರೀಯ ಪಟ್ಟದ ಪಂದ್ಯಾವಳಿಯಾದ ಕಾಲೇಜ್ ವರ್ಲ್ಡ್ ಸೀರೀಸ್ ಗೆದ್ದು ಬಂತು. ನಿಜವಾದ, ಸೊಗಸಾದ ಕಥೆ. ಆದರೆ ಪುಟ್ಟನ ಕಿವಿಗೆ ಅದು ಬೇರೆಯದೇ ಆಗಿ ಬಿದ್ದಿತ್ತು: “ಅವರು ಎಂಟಾದರೂ ಗೆದ್ದಿದ್ದರು.” ನೊಂದವರ ಮುಂದೆ ಗೆದ್ದವರ ಕಥೆ ಇಡುವಾಗ ನಾವು ತುಸು ನಿಲ್ಲಬೇಕು. ಕೇಳುವವನು ಆಗಲೇ ತನ್ನನ್ನು ಅಳೆದುಕೊಳ್ಳುತ್ತಾ ಕೂತಿರುತ್ತಾನೆ, ನಾವು ಇನ್ನೊಂದು ಅಳತೆಗೋಲು ಕೊಟ್ಟಂತಾಗುತ್ತದೆ.

ಎರಡನೇ ಭೇಟಿಯಲ್ಲಿ ನಾನು ಹುಣಸೆ ಬೀಜದ ಡಬ್ಬಿ ತೆಗೆದೆ. ಚೌಕಾಬಾರ ಆಡಲು ಊರಿಂದ ತಂದಿಟ್ಟುಕೊಂಡದ್ದು. ಕಪ್ಪಗೆ ಇದ್ದ ಹಾಗೇ ಏಳು, ಕಲ್ಲಿಗೆ ತಿಕ್ಕಿ ಬಿಳಿ ಮಾಡಿದ್ದು ಮೂರು, ಒಟ್ಟು ಹತ್ತು ಬೀಜ ಹಾಕಿದೆ. ಹೋದ ವರ್ಷ ಅವನ ಬ್ಯಾಟಿಂಗ್ ಸರಾಸರಿ .300 ಇತ್ತು, ಅಂದರೆ ಹತ್ತರಲ್ಲಿ ಮೂರು ಹಿಟ್. ಈ ಆಟದಲ್ಲಿ ಅದು ಒಳ್ಳೆಯ ಲೆಕ್ಕ. ಹಳೆಯ ಕಾಲದ ದೊಡ್ಡ ಬ್ಯಾಟರ್ ಟೆಡ್ ವಿಲಿಯಮ್ಸ್ 1941ರಲ್ಲಿ .406 ಹೊಡೆದದ್ದನ್ನು ಇವತ್ತಿಗೂ ಹೊಗಳುತ್ತಾರೆ, ಆ ವರ್ಷವೂ ಹತ್ತರಲ್ಲಿ ಆರು ಸಲ ಅವರಿಗೆ ಹಿಟ್ ಸಿಗಲಿಲ್ಲ.

“ಕಣ್ಣು ಮುಚ್ಚಿ ಒಂದು ತೆಗಿ, ನೋಡು, ಬರಿ, ವಾಪಸ್ ಹಾಕು. 20 ಸಲ” ಎಂದೆ. ಮೊದಲ ಸುತ್ತಿನಲ್ಲಿ ಬಿಳಿ ಏಳು ಬಂತು, ಎರಡನೆಯದರಲ್ಲಿ ಐದು. ನಾಲ್ಕನೆಯ ಸುತ್ತಿಗೆ ಮೂರು. ಡಬ್ಬಿ ಅದೇ, ಬೀಜ ಅವೇ. ಅವನು ಸುಮ್ಮನೆ ಕೂತ. ಆಮೇಲೆ ತಾನೇ ಫೋನ್ ತೆಗೆದು ಲೆಕ್ಕ ಹಾಕಿದ: .300ರ ಬ್ಯಾಟರ್ ಏನೂ ಕೆಡದೆ ಇದ್ದಾಗಲೂ, 20 ಅವಕಾಶಗಳಲ್ಲಿ 3 ಅಥವಾ ಅದಕ್ಕಿಂತ ಕಡಿಮೆ ಹಿಟ್ ಬರುವ ಸಾಧ್ಯತೆ ನೂರಕ್ಕೆ ಸುಮಾರು 11. “ಇದು ನಂಗೆ ಗೊತ್ತಿರೋ ಪಾಠ. ಕಳೆದ ಸೆಮಿಸ್ಟರಲ್ಲಿ ಪರೀಕ್ಷೆ ಬರೆದಿದ್ದೀನಿ” ಎಂದ. ಗೊತ್ತಿರುವುದು ಬೇರೆ, ತನ್ನ ವಿಷಯದಲ್ಲಿ ನಂಬುವುದು ಬೇರೆ.

ಆದರೆ ಬೀಜದಿಂದ ಎಲ್ಲ ಸರಿಹೋಗುತ್ತದೆ ಎಂದು ನಾನು ಹೇಳಲಿಲ್ಲ. ಅವನ ಕೈ ಬಿಗಿಯಾಗಿತ್ತು, ಚೆಂಡು ಬಿಡುವ ಮುನ್ನವೇ ಹೊಡೆಯಲು ತೀರ್ಮಾನಿಸುತ್ತಿದ್ದ. 90 ಮೈಲಿ ವೇಗದ ಚೆಂಡು ಪಿಚರ್ ಕೈಯಿಂದ ಬ್ಯಾಟರ್ ಬಳಿಗೆ ಬರಲು ಬೇಕಾದದ್ದು ಸುಮಾರು 0.4 ಸೆಕೆಂಡ್. ಅಷ್ಟರೊಳಗೆ ಹೋದ ವಾರದ ತಪ್ಪನ್ನೂ ನೆನೆದು ಚೆಂಡನ್ನೂ ನೋಡಲು ಯಾರಿಂದಲೂ ಆಗದು. ಹಾಗಾಗಿ ತಪ್ಪನ್ನು ಇಳಿಸಿ ಬರಲು ಒಂದು ಜಾಗ ಬೇಕಿತ್ತು. ಕ್ರೀಡಾ ಮನಶ್ಶಾಸ್ತ್ರದ ಕೆನ್ ರವೀಜಾ ಅವರ ಕೆಲಸವನ್ನು ಅವನಿಗೆ ಹೇಳಿದೆ. ಕ್ಯಾಲ್ ಸ್ಟೇಟ್ ಫುಲರ್ಟನ್ ತಂಡ 2004ರಲ್ಲಿ 15 ಗೆದ್ದು 16 ಸೋತು ತತ್ತರಿಸಿದ್ದಾಗ ಅವರು ಜೊತೆಗಿದ್ದರು. ಆಟಗಾರರು ಕೂರುವ ಡಗ್‌ಔಟ್‌ನಲ್ಲಿ ಆಟಿಕೆಯ ಒಂದು ಪುಟ್ಟ ಕಕ್ಕಸು ಇಟ್ಟಿದ್ದರು. ತಪ್ಪು ಮಾಡಿ ಬಂದ ಆಟಗಾರ ಅದರ ಹಿಡಿಕೆ ಒತ್ತಿ, ಆದದ್ದನ್ನು ತೊಳೆದು ಕಳಿಸಿ, ಮತ್ತೆ ಆಟಕ್ಕೆ ಹೋಗುತ್ತಿದ್ದ. ಆ ವರ್ಷ ಆ ತಂಡವೂ ಕೊನೆಗೆ ಕಾಲೇಜ್ ವರ್ಲ್ಡ್ ಸೀರೀಸ್ ಗೆದ್ದಿತು ಎನ್ನುವುದನ್ನು ನಾನು ಒತ್ತಿ ಹೇಳಲಿಲ್ಲ. ನನಗೆ ಬೇಕಿದ್ದದ್ದು ಆ ಹಿಡಿಕೆ ಮಾತ್ರ. ಮನಸ್ಸಿಗೆ ‘ಬಿಡು’ ಎಂದರೆ ಬಿಡುವುದಿಲ್ಲ, ಕೈಗೆ ಒಂದು ಕೆಲಸ ಕೊಟ್ಟರೆ ಬಿಡುತ್ತದೆ.

ಪುಟ್ಟ ತನ್ನದೇ ದಾರಿ ಹುಡುಕಿಕೊಂಡ. ಚೆಂಡು ತಪ್ಪಿದರೆ ಬಗ್ಗಿ ಒಂದು ಹಿಡಿ ಮಣ್ಣು ತೆಗೆದು, ಉಸಿರು ಎಳೆಯುವಾಗ ಗಟ್ಟಿಯಾಗಿ ಹಿಚುಕಿ, ಬಿಡುವಾಗ ಮಣ್ಣನ್ನೂ ಬಿಡುವುದು. “ಒಳಗಡೆ ಪ್ರಾಕ್ಟೀಸಲ್ಲಿ ಮಣ್ಣೇ ಇಲ್ವಲ್ಲ” ಎಂದ. ಅಲ್ಲಿ ಬೇಡ, ಬೇಕಿರುವುದು ಬಯಲಲ್ಲಿ ಎಂದೆ. ಜೊತೆಗೆ ಇನ್ನೊಂದು ಸಣ್ಣ ಬದಲಾವಣೆ: ವಾಪಸು ಬರುವ ಬಸ್ಸಿನಲ್ಲಿ ಹಿಟ್ ಎಷ್ಟೆಂದು ಬರೆಯಬಾರದು. ಎಷ್ಟು ಸಲ ಒಳ್ಳೆಯ ಚೆಂಡನ್ನೇ ಆರಿಸಿಕೊಂಡೆ, ಎಷ್ಟು ಸಲ ಚೆಂಡು ಬ್ಯಾಟಿನ ನಡುವಿಗೆ ತಾಗಿತು, ಇವೆರಡೇ ಬರೆಯಬೇಕು. ಚೆನ್ನಾಗಿ ತಾಗಿದ ಚೆಂಡು ನೇರ ಎದುರಾಳಿಯ ಕೈಗೆ ಹೋದರೆ ಅಂಕಪಟ್ಟಿಯಲ್ಲಿ ಸೊನ್ನೆ, ಅವನ ಪುಸ್ತಕದಲ್ಲಿ ಒಂದು. ಊಟಕ್ಕೆ ತಂಡದವರ ಮೇಜಿಗೇ ಹೋಗಿ ಕೂರಬೇಕು, ಮಾತಾಡದಿದ್ದರೂ ಸರಿ. ಆಟ ಬಿಡುವ ತೀರ್ಮಾನವನ್ನು ಮೇ ತಿಂಗಳಿಗೆ ಮುಂದೂಡಬೇಕು. ಬಿಡಬಾರದು ಎಂದು ನಾನು ಹೇಳಲಿಲ್ಲ, ಸುಸ್ತಾದ ಮಾರ್ಚ್‌ನಲ್ಲಿ ಬೇಡ ಎಂದೆ.

ಗಂಟು ನಿಜವಾಗಿ ಕಂಡದ್ದು ಮೂರನೇ ಭೇಟಿಯಲ್ಲಿ. “ಅಪ್ಪ ಲೈವ್ ನೋಡ್ತಾರೆ” ಎಂದ. ಮೈದಾನದ ಪ್ರತಿ ಚೆಂಡೂ ಫೋನಿನಲ್ಲಿ ಅಂಕಿಯಾಗಿ ಬರುತ್ತದೆ. ಪಂದ್ಯ ಮುಗಿದು ಬೂಟು ಬಿಚ್ಚುವ ಮೊದಲೇ ಕರೆ. ಅಮ್ಮ ಮೊದಮೊದಲು ಹಿಂದಿನಿಂದ “ಇರಲಿ ಬಿಡ್ರೀ” ಎನ್ನುತ್ತಿದ್ದರಂತೆ, ಈಗ ಅವರ ದನಿಯೂ ಇಲ್ಲ.

ಅಷ್ಟರಲ್ಲಿ ಆ ತಂದೆಯೇ ನನಗೆ ಫೋನ್ ಮಾಡಿದ್ದರು. ಇಲ್ಲಿ 18 ತುಂಬಿದ ವಿದ್ಯಾರ್ಥಿ ಒಪ್ಪದೆ ನಾನು ಹೆತ್ತವರಿಗೆ ಏನನ್ನೂ ಹೇಳುವಂತಿಲ್ಲ, ಅವನು ನನ್ನಲ್ಲಿಗೆ ಬರುತ್ತಾನೆ ಎಂಬುದನ್ನೂ. ಹಾಗೆಂದಾಗ ಅವರ ದನಿ ಒಡೆಯಿತು. “ನನ್ ಮಗ ರೀ ಮೇಡಂ ಅವನು.” ನಮ್ಮ ಜನಕ್ಕೆ ಈ ನಿಯಮ ಎಷ್ಟು ಕಠಿಣವಾಗಿ ಕಾಣುತ್ತದೆಂದು ನನಗೆ ಗೊತ್ತು. ಆದರೂ ಅದು ಇದ್ದದ್ದರಿಂದಲೇ ಪುಟ್ಟ ಬಾಯಿ ಬಿಟ್ಟದ್ದು. ಮುಂದಿನ ವಾರ ಅವನನ್ನೇ ಕೇಳಿದೆ, ಮೂವರೂ ವಿಡಿಯೋದಲ್ಲಿ ಕೂರೋಣವೇ ಎಂದು. ಎರಡು ದಿನ ಯೋಚಿಸಿ ಒಪ್ಪಿದ.

ತಂದೆ ಇಸ್ತ್ರಿ ಅಂಗಿ ಹಾಕಿಕೊಂಡು ಕೂತಿದ್ದರು. ಮೊದಲ ಮಾತೇ “20ರಲ್ಲಿ 17 ಸಲ ಔಟ್ ಆಗ್ಯಾನಲ್ರೀ” ಎಂದು. ಆಗ ನನಗೆ ಹೊಳೆಯಿತು, ಇವರು ನೋಡುತ್ತಿರುವುದು ಬೇಸ್‌ಬಾಲ್, ಎಣಿಸುತ್ತಿರುವುದು ಕ್ರಿಕೆಟ್. ಕ್ರಿಕೆಟ್ಟಿನಲ್ಲಿ ಔಟಾದವನ ದಿನ ಮುಗಿಯಿತು, ಪ್ಯಾಡ್ ಬಿಚ್ಚಿ ಕೂರಬೇಕು. ಅವರ ಕಣ್ಣಿಗೆ ಮಗ 17 ಸಲ ಸೊನ್ನೆಗೆ ಪೆವಿಲಿಯನ್‌ಗೆ ಬಂದಿದ್ದ. ಬೇಸ್‌ಬಾಲಿನಲ್ಲಿ ಔಟಾದವನು ಅರ್ಧ ಗಂಟೆಯಲ್ಲಿ ಮತ್ತೆ ಬ್ಯಾಟ್ ಹಿಡಿಯುತ್ತಾನೆ, ಪಂದ್ಯಕ್ಕೆ ನಾಲ್ಕು ಸಲ, ಋತುವಿಗೆ 56 ಪಂದ್ಯ. “ಅಪ್ಪ, ಇದ್ರಲ್ಲಿ ಔಟಾಗೋದು ಡಾಟ್ ಬಾಲ್ ಥರ” ಎಂದ ಪುಟ್ಟ. ತಂದೆಗೆ ಮಗ ಆಟ ಹೇಳಿಕೊಟ್ಟದ್ದು ಅದೇ ಮೊದಲಂತೆ.

ಅವರು ಸುಲಭಕ್ಕೆ ಬಿಡಲಿಲ್ಲ. “ತಾಳ್ಮೆ ಬೇಕು ಅಂತ ನಾನೂ ಹೇಳೋದು ಅದನ್ನೇ ಮೇಡಂ. ದ್ರಾವಿಡ್ ನೋಡ್ರಿ, 2008ರಾಗೆ ಸಿಡ್ನಿಯಲ್ಲಿ 18 ರನ್ನಿಗೇ 40 ಬಾಲ್ ನಿಂತಿದ್ರು. ಕೊನೆಗೆ ಒಂದು ರನ್ ತಗೊಂಡಾಗ ಜನ ಎದ್ದು ಚಪ್ಪಾಳೆ ಹೊಡೆದ್ರು.”

“ಆ 40 ಬಾಲ್ ನಡುವೆ, ಪ್ರತಿ ಬಾಲಿಗೂ ಒಬ್ರು ಕ್ರೀಸಿಗೆ ಹೋಗಿ ಯಾಕೆ ರನ್ ಬರಲಿಲ್ಲ ಅಂತ ಕೇಳಿದ್ದಿದ್ರೆ?” ಎಂದೆ.

ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದ್ದನ್ನು ಮಗ ಹಿಂದೆಂದೂ ಕೇಳಿರಲಿಲ್ಲ. ಕಾಲೇಜು ದಿನಗಳಲ್ಲಿ ಅವರು ಆರಂಭಿಕ ಬ್ಯಾಟ್ಸ್‌ಮನ್. ಒಂದು ವರ್ಷ ಮೊದಲ ಎರಡು ಪಂದ್ಯದಲ್ಲಿ ಬೇಗ ಔಟಾದರು. ಮನೆಯಲ್ಲಿ ಅವರ ತಂದೆ ಬ್ಯಾಟನ್ನು ಅಟ್ಟದ ಮೇಲಿಟ್ಟು “ಓದ್ಕೋ” ಎಂದರು. ಮುಂದೆ ಆಡಲಿಲ್ಲ. ಅಷ್ಟೇ ಕಥೆ. ಪುಟ್ಟ ಪರದೆಯನ್ನೇ ನೋಡುತ್ತಿದ್ದ. ಎಡಗೈ ತೊಡೆಯ ಮೇಲೆ ಅಲುಗದೆ ಇತ್ತು.

ನಾನು ಕೊಟ್ಟ ಸಲಹೆ ಚಿಕ್ಕದು. ಪಂದ್ಯದ ದಿನ ಫೋನ್ ಬೇಡ. ಇಲ್ಲಿಯ ನಿಯಮದಂತೆ ಆಟಗಾರರಿಗೆ ವಾರಕ್ಕೊಂದು ದಿನ ಕಡ್ಡಾಯ ರಜೆ, ಈ ತಂಡಕ್ಕೆ ಅದು ಸೋಮವಾರ. ಕರೆ ಆ ದಿನ ಇರಲಿ, ಆಟದ ಮಾತನ್ನು ಪುಟ್ಟನೇ ಎತ್ತಿದರೆ ಮಾತ್ರ ಎತ್ತಲಿ. ತಾಯಿಯೂ ಜೊತೆಗಿರಲಿ. ಅವರು ಮಾತು ನಿಲ್ಲಿಸಿದ್ದು ತಪ್ಪು ಪ್ರಶ್ನೆ ಕೇಳಿಬಿಟ್ಟೇನು ಎಂಬ ಹೆದರಿಕೆಯಿಂದ ಎಂದು ಆಮೇಲೆ ತಿಳಿಯಿತು. “ಸ್ಕೋರ್ ನೋಡ್ದೇ ಇರಾಕಾಗಲ್ಲ ಮೇಡಂ, ಸುಳ್ಳು ಹೇಳಲ್ಲ. ನೋಡ್ತೀನಿ, ಫೋನ್ ಮಾಡಲ್ಲ” ಎಂದರು. ಅಷ್ಟು ಸಾಕಿತ್ತು.

ಒಂದು ವಿಷಯವನ್ನು ಮುಚ್ಚಿಡಬಾರದು. ತಂಡ ಆ ಋತುವಿನಲ್ಲಿ ಚೇತರಿಸಿಕೊಳ್ಳಲಿಲ್ಲ. ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಪುಟ್ಟ ಏಪ್ರಿಲ್‌ನಲ್ಲಿ ಮತ್ತೆ ಆಡತೊಡಗಿದ, ಕೆಲವು ಪಂದ್ಯ ಚೆನ್ನಾಗಿ ಹೋದವು, ಇನ್ನೆರಡು ಚೆಂಡು ಕೈಗವುಸಿನ ಕೆಳಗೆ ತೂರಿದವು. ನಿದ್ದೆ ಆರೂವರೆ ಗಂಟೆಗೆ ಬಂತು. ಅದನ್ನು ನಾನು ದೊಡ್ಡ ಗುಣ ಎಂದೇ ಬರೆದುಕೊಂಡೆ. ಪೋರ್ಟಲ್ ಮಾತು ಅವನು ಮತ್ತೆ ಎತ್ತಲಿಲ್ಲ.

ಮೇ ಕೊನೆಯ ಭೇಟಿಗೆ ಬಂದಾಗ ಮೊಣಕೈಯಲ್ಲಿ ಮಣ್ಣಿನ ಕಲೆ ಇತ್ತು. ಡಬ್ಬಿ ಕೇಳಿ ತಗೊಂಡು 20 ಸಲ ಬೀಜ ಎತ್ತಿದ. ನಾಲ್ಕು ಬಿಳಿ ಬಂತು. ಮುಚ್ಚಳ ಹಾಕಿ ಮೇಜಿನ ಮೇಲಿಟ್ಟ.

“ಬೇಸಿಗೆ ರಜೆಯಲ್ಲಿ ಆಟ ಇರಲ್ಲ. ಆದ್ರೂ ಸೋಮವಾರ ಫೋನ್ ಮಾಡ್ತಾರಾ ಅಪ್ಪ?” ಎಂದ.

“ಅವರನ್ನೇ ಕೇಳು” ಎಂದೆ. ಬಾಗಿಲು ದಾಟುವ ಮೊದಲೇ ಫೋನ್ ಕಿವಿಗಿಟ್ಟಿದ್ದ. ಅವತ್ತು ಗುರುವಾರ.