ಪ್ರತಿ: ಐದನೇ ಮರುಭರ್ತಿಗೆ ಕತ್ತು ಸೀಳುವ .308 ರೈಫಲ್ ಕೇಸ್‌ಗಳಿಗೆ (ತೋಟಾದ ಹಿತ್ತಾಳೆ ಕೋಶ) ಯಾವ ಅನೀಲಿಂಗ್ (ಕಾಯಿಸಿ ಮೆದುಗೊಳಿಸುವ) ಯಂತ್ರ?

ನೀವು ಹೇಳಿದಂತೆ ಸೀಳು ಗುಂಡನ್ನು ಹಿಡಿಯುವ ಕತ್ತಿನಲ್ಲಿ ಉದ್ದುದ್ದಕ್ಕೆ ಬಂದಿದ್ದರೆ, ಪ್ರತಿ ಬಾರಿ ಹಾರಿಸಿದಾಗ ಹಿಗ್ಗಿ, ಅಳತೆಗೆ ತರುವ ಸೈಜಿಂಗ್ ಡೈ ಎಂಬ ಅಚ್ಚಿನಲ್ಲಿ ಮತ್ತೆ ಕುಗ್ಗಿ ಹಿತ್ತಾಳೆ ಗಡುಸಾಗಿರುವುದೇ ಬಹುತೇಕ ಕಾರಣ. ಪಾತ್ರೆ ಬಡಿಯುವವರು ನಡುನಡುವೆ ಹಿತ್ತಾಳೆಯನ್ನು ಕಾಯಿಸುವುದೂ ಇದಕ್ಕಾಗಿಯೇ. ಆದರೆ ಬುಡದ ಸ್ವಲ್ಪ ಮೇಲೆ ಹೊಳೆಯುವ ಉಂಗುರ ಕಂಡರೆ ಅದು ಬೇರೆ ದೋಷ. ಅದನ್ನು ಯಾವ ಯಂತ್ರವೂ ಸರಿಪಡಿಸದು, ಆ ಕೇಸ್ ಎಸೆಯಿರಿ.

ಮೊದಲು ನಿಮ್ಮ ಲೆಕ್ಕ ನೋಡಿ. ತಿಂಗಳಿಗೆ 200 ಕೇಸ್, ಒಂದೇ ಕ್ಯಾಲಿಬರ್ ಎಂದಿದ್ದೀರಿ. ಅಷ್ಟಕ್ಕೆ ಪ್ರೊಪೇನ್ ಜ್ವಾಲೆಯ, ಕೇಸ್ ತಿರುಗಿಸುವ ಯಂತ್ರ ಸಾಕೆಂಬುದು ನನ್ನ ಅಭಿಪ್ರಾಯ. ಇಂಡಕ್ಷನ್ ಯಂತ್ರ (ವಿದ್ಯುತ್ ಸುರುಳಿಯಿಂದ ಕಾಯಿಸುವುದು) ಕಾಯಿಸುವ ಸಮಯವನ್ನು ಕರಾರುವಾಕ್ಕಾಗಿ ಪುನರಾವರ್ತಿಸುತ್ತದೆ, ಜ್ವಾಲೆಯ ರಗಳೆಯಿಲ್ಲ, ಆದರೆ ಬೆಲೆ ಹಲವು ಪಟ್ಟು. ದೂರದ ಗುರಿಯ ಸ್ಪರ್ಧೆಗೆ ಇಳಿಯುವುದಾದರೆ ಮಾತ್ರ ಆ ಖರ್ಚಿಗೆ ಅರ್ಥವಿದೆ. ಯಾವುದನ್ನೇ ಕೊಂಡರೂ, ವೇಗವನ್ನು, ಅಂದರೆ ಕೇಸ್ ಕಾಯುವ ಸಮಯವನ್ನು, ಸೂಕ್ಷ್ಮವಾಗಿ ಹೊಂದಿಸಲು ಬರುತ್ತದೆಯೇ ಎಂದು ವಿಚಾರಿಸಿ.

ಯಂತ್ರ ಬಂದ ಮೇಲೆ, ಪ್ರೈಮರ್ (ಮದ್ದಿಗೆ ಕಿಡಿ ಕೊಡುವ ಬುಡದ ಬಿಲ್ಲೆ) ತೆಗೆದು ತೊಳೆದು ಒಣಗಿಸಿದ, ಎಸೆಯಬೇಕಾದ ನಾಲ್ಕೈದು ಕೇಸ್‌ಗಳ ಕತ್ತಿನ ಒಳಗೆ 750 ಡಿಗ್ರಿ ಫ್ಯಾರನ್‌ಹೀಟ್‌ನ ಟೆಂಪಿಲಾಕ್ (ನಿಗದಿತ ಶಾಖಕ್ಕೆ ಕರಗುವ ಲೇಪ) ಹಚ್ಚಿ, ಅದು ಕರಗುವವರೆಗೆ ಸಮಯವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ. ಮಬ್ಬು ಬೆಳಕಿನಲ್ಲಿ ಕತ್ತು ನಿಗಿನಿಗಿ ಹೊಳೆದರೆ ಶಾಖ ಅತಿಯಾಗಿದೆ ಎಂದರ್ಥ. ಬುಡ ಮಾತ್ರ ಎಂದಿಗೂ ಮೆದುವಾಗಕೂಡದು, ಒತ್ತಡವನ್ನು ತಡೆಯುವುದು ಅದೇ. ನೀರಿಗೆ ಹಾಕುವ ಅಗತ್ಯವಿಲ್ಲ. ಲೋಹದ ತಟ್ಟೆಯಲ್ಲಿ ಆರಲು ಬಿಡಿ.